ಬೊಜ್ಜು: ಅಂದು ಸಿರಿಯ ಗುರುತು, ಇಂದು ಎದೆಯ ಭಾರ

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಾಗ ಕೃಷ್ಣದೇವರಾಯನನ್ನು ಕಂಡಿದ್ದ. ಅರಸನದು ಮಧ್ಯಮ ಎತ್ತರ, ಮುಖದಲ್ಲಿ ಸಿಡುಬಿನ ಕಲೆ, ಮೈ ತೆಳುವೆನ್ನುವುದಕ್ಕಿಂತ ತುಸು ದಪ್ಪವೇ ಎಂದು ಆತ ಬರೆದಿಟ್ಟಿದ್ದಾನೆ. ಅರಸನ ದಿನಚರಿಯನ್ನೂ ವಿವರಿಸಿದ್ದಾನೆ. ನಸುಕಿಗೆ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆಲ್ಲ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ. ಬಳಿಕ ಜಟ್ಟಿಯೊಡನೆ ಕುಸ್ತಿ. ಅದಾದ ಮೇಲೆ ಬೆಳಗಾಗುವವರೆಗೆ ಕುದುರೆ ಸವಾರಿ!

ಹಂಪಿಯಿಂದ ಹೊಳೆ ದಾಟಿದರೆ ಆನೆಗೊಂದಿ. ಅಲ್ಲಿಂದ ಮುಂದೆ ಗಂಗಾವತಿ, ಕನಕಗಿರಿ. ಕನಕಾಚಲಪತಿ ಗುಡಿಯ ಈ ಕನಕಗಿರಿಯನ್ನು ಆಳಿದ ಗುಜ್ಜಲ ವಂಶದ ನಾಯಕರು ವಿಜಯನಗರದ ಸಾಮಂತರು. ಅರಸರಿಗೆ ಸಿಗುತ್ತಿದ್ದ ಸಮೃದ್ಧಿ ಈ ಸೀಮೆಯ ಒಕ್ಕಲಿಗೆ ಎಂದೂ ಸುಲಭವಾಗಿ ದಕ್ಕಿದ್ದಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಬಳ್ಳಾರಿ, ರಾಯಚೂರು ಸೀಮೆಗಳನ್ನು ಹಿಂಡಿಹಾಕಿತು. ಇಂಥ ನಾಡಿನಲ್ಲಿ 'ಮೈಕೈ ತುಂಬಿಕೊಂಡಿದ್ದಾನೆ' ಎನ್ನುವುದು ಹೊಗಳಿಕೆಯ ಮಾತಾದದ್ದು ಸಹಜ. ಹೊಟ್ಟೆ ಬಂದವನೆಂದರೆ ಉಣ್ಣಲು ಇದ್ದವನು.

1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು ನೀರು ಕೊಡಲಾರಂಭಿಸಿದ ಮೇಲೆ ಚಿತ್ರ ಬದಲಾಯಿತು. ಎಡದಂಡೆ ಕಾಲುವೆ ಹರಿದ ಗಂಗಾವತಿ ಭತ್ತದ ಕಣಜವೆನಿಸಿತು. ಜೋಳ, ಸಜ್ಜೆಯ ರೊಟ್ಟಿ ತಿನ್ನುತ್ತಿದ್ದ ಮನೆಗಳಲ್ಲಿ ಅನ್ನವೂ ನಿತ್ಯದ ಊಟವಾಯಿತು. ನೇಗಿಲ ಜಾಗಕ್ಕೆ ಟ್ರ್ಯಾಕ್ಟರ್, ನಡಿಗೆಯ ಜಾಗಕ್ಕೆ ಮೋಟಾರ್ ಸೈಕಲ್ ಬಂದವು. ಹಸಿವು ಹಿಂದೆ ಸರಿದದ್ದು ದೊಡ್ಡ ಗೆಲುವು. ಆದರೆ ಊಟ ಹೆಚ್ಚಿ ದುಡಿಮೆ ತಗ್ಗಿದಾಗ ಸೊಂಟದ ಸುತ್ತ ಸೇರುವ ಕೊಬ್ಬು ಸಿರಿಯ ಗುರುತಾಗಿಯಷ್ಟೇ ಉಳಿಯುವುದಿಲ್ಲ.

ಇದು ನಮ್ಮ ಹಿಂದಿನ ವೈದ್ಯರಿಗೂ ಗೊತ್ತಿತ್ತು. ಚರಕ ಸಂಹಿತೆ ಅತಿಸ್ಥೂಲ ದೇಹಕ್ಕೆ ಎಂಟು ದೋಷಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದೇ ಆಯುಸ್ಸು ಕುಗ್ಗುವುದು. ಕೊನೆಯ ಎರಡು ಅತಿಯಾದ ಹಸಿವು, ಅತಿಯಾದ ಬಾಯಾರಿಕೆ. ಇದು ಗಮನಿಸಬೇಕಾದ ಮಾತು. ಹಸಿವನ್ನು ಚರಕ ರೋಗಿಯ ಹೊಟ್ಟೆಬಾಕತನವೆಂದು ಬೈಯಲಿಲ್ಲ. ರೋಗದ ಒಂದು ಭಾಗವೆಂದೇ ಎಣಿಸಿದ. ತೆಳ್ಳಗಿನವನಿಗಿಂತ ದಪ್ಪಗಿನವನ ಚಿಕಿತ್ಸೆಯೇ ಕಷ್ಟ ಎಂದೂ ಹೇಳಿದ. 'ತಿಂದು ಕೊಬ್ಬಿದ್ದಾನೆ' ಎನ್ನುವ ನಮ್ಮ ಬೀದಿಯ ತೀರ್ಪಿಗಿಂತ ಇದು ಎಷ್ಟೋ ಉದಾರವಾದದ್ದು.

ಬೊಜ್ಜು ಹೃದಯಕ್ಕೆ ಏಕೆ ಭಾರ? ಮೈ ಬೆಳೆದಷ್ಟೂ ಹರಿಯಬೇಕಾದ ರಕ್ತ ಹೆಚ್ಚುತ್ತದೆ. ಅದನ್ನು ತಳ್ಳಿ ತಳ್ಳಿ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್ನಿನ ಕೆಲಸವನ್ನು ಮಂಕುಮಾಡುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಜೊತೆಗೂಡಿ ರಕ್ತನಾಳಗಳನ್ನು ಕಿರಿದಾಗಿಸುತ್ತವೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು 1948ರಿಂದ ಸತತವಾಗಿ ಪರೀಕ್ಷಿಸುತ್ತ ಬಂದ ವೈದ್ಯರು, ಬೊಜ್ಜು ತಾನೇ ತಾನಾಗಿ ಹೃದ್ರೋಗಕ್ಕೆ ಕಾರಣವಾಗಬಲ್ಲದೆಂದು 1983ರಲ್ಲಿ ತೋರಿಸಿಕೊಟ್ಟರು.

ಪಥ್ಯಕ್ಕೂ ವ್ಯಾಯಾಮಕ್ಕೂ ಬಗ್ಗದ ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡುವ ಪ್ರಯತ್ನ ಅಮೆರಿಕದಲ್ಲೂ ನಡೆಯಿತು. 1954ರಲ್ಲಿ ಮಿನೆಸೋಟದ ವೈದ್ಯರು ಸಣ್ಣಕರುಳಿನ ಬಹುಭಾಗವನ್ನು ಬದಿಗಿರಿಸುವ ವಿಧಾನವನ್ನು ವರದಿ ಮಾಡಿದರು. ತೂಕವೇನೋ ಇಳಿಯಿತು, ಆದರೆ ಯಕೃತ್ತಿನ ತೊಂದರೆ, ಮೂತ್ರಪಿಂಡದ ಕಲ್ಲು, ನಿಲ್ಲದ ಭೇದಿ ಕಾಡಿದ್ದರಿಂದ ಆ ವಿಧಾನವನ್ನು ಕೈಬಿಡಬೇಕಾಯಿತು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಸಣ್ಣಗಾಗುವುದನ್ನು ಗಮನಿಸಿದ ಅಯೋವಾದ ಎಡ್ವರ್ಡ್ ಮೇಸನ್ 1966ರಲ್ಲಿ ಜಠರವನ್ನು ಚಿಕ್ಕದುಮಾಡಿ ಕರುಳಿಗೆ ಜೋಡಿಸುವ ದಾರಿ ಹಿಡಿದರು. ಇಂದಿನ 'ಗ್ಯಾಸ್ಟ್ರಿಕ್ ಬೈಪಾಸ್'ನ ಮೂಲ ಅದು. ಜಠರದ ಬಹುಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುವ 'ಸ್ಲೀವ್' ವಿಧಾನ ಆಮೇಲಿನದು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಹುಟ್ಟಿ ಹಸಿವನ್ನು ಕೆರಳಿಸುವ 'ಗ್ರೆಲಿನ್' ಹಾರ್ಮೋನನ್ನು ಪತ್ತೆಮಾಡಿದರು. ಸ್ಲೀವ್‌ನಲ್ಲಿ ತೆಗೆದುಹಾಕುವುದು ಅದು ಹೆಚ್ಚಾಗಿ ತಯಾರಾಗುವ ಭಾಗವನ್ನೇ. ಜಠರ ಕಿರಿದಾಗುವುದರ ಜೊತೆಗೆ ಹಸಿವಿನ ಕೂಗೂ ತಗ್ಗುತ್ತದೆ. ಹಸಿವು ರೋಗದ ಭಾಗವೆಂಬ ಚರಕನ ಎಣಿಕೆ ಇಲ್ಲಿ ನೆನಪಾಗದಿರದು.

ಇದರಿಂದ ಹೃದಯಕ್ಕೆ ಲಾಭವಾಯಿತೇ? ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನ ಇದಕ್ಕೆ ಉತ್ತರ ಹುಡುಕಿತು. ಶಸ್ತ್ರಚಿಕಿತ್ಸೆಗೆ ಒಳಗಾದ 2,010 ಮಂದಿಯನ್ನು, ಅಂಥದೇ ಮೈಕಟ್ಟಿನ, ಸಾಮಾನ್ಯ ಚಿಕಿತ್ಸೆ ಪಡೆದ 2,037 ಮಂದಿಯೊಡನೆ ಹೋಲಿಸಲಾಯಿತು. 2012ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಮೊದಲ ಗುಂಪಿನಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸತ್ತವರು 28, ಎರಡನೆಯದರಲ್ಲಿ 49. ವಿಶೇಷವೆಂದರೆ, ಈ ಲಾಭ ಆರಂಭದ ತೂಕವನ್ನು ಅವಲಂಬಿಸಿರಲಿಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದ್ದವರಿಗೆ ಲಾಭವೂ ಹೆಚ್ಚು. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲದ್ದರಿಂದ ಇದನ್ನು ಕೊನೆಯ ಮಾತೆನ್ನಲಾಗದು. 2020ರ ಮತ್ತೊಂದು ಲೆಕ್ಕ ಅತಿ ಭರವಸೆಗೂ ಕಡಿವಾಣ ಹಾಕಿತು: ಶಸ್ತ್ರಚಿಕಿತ್ಸೆಯಾದವರು ಆಗದವರಿಗಿಂತ ಸುಮಾರು 3 ವರ್ಷ ಹೆಚ್ಚು ಬದುಕಿದರೂ, ಸಾಮಾನ್ಯ ಜನರಿಗಿಂತ ಅವರ ಆಯುಸ್ಸು 5.5 ವರ್ಷ ಕಡಿಮೆಯೇ ಇತ್ತು. ಜೊತೆಗೆ ಹೊಲಿಗೆ ಸೋರುವ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯಗಳುಂಟು. ಕಬ್ಬಿಣ, ಬಿ-12, ಕ್ಯಾಲ್ಸಿಯಂ ಕೊರತೆ ನೀಗಲು ಜೀವನಪರ್ಯಂತ ಮಾತ್ರೆ, ತಪಾಸಣೆ ತಪ್ಪದು.

ನಮ್ಮವರು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮನ್ನೂ ಬ್ರಿಟನ್ನಿನ ವೈದ್ಯ ಜಾನ್ ಯೂಡ್ಕಿನ್ ಅವರನ್ನೂ ಹೋಲಿಸಿದ ಚಿತ್ರವೊಂದನ್ನು 2004ರಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯೂಡ್ಕಿನ್‌ರದು ಶೇ 9.1, ಯಾಜ್ಞಿಕ್‌ರದು ಶೇ 21.2! ತೆಳ್ಳಗೆ ಕಾಣುವ ಭಾರತೀಯನಲ್ಲೂ ಕೊಬ್ಬು ಅಡಗಿರಬಲ್ಲದು. ಆದ್ದರಿಂದಲೇ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಶಸ್ತ್ರಚಿಕಿತ್ಸೆ ಸೂಚಿಸಲು ಇತರರಿಗೆ 35ರ ಸೂಚ್ಯಂಕ ಹೇಳಿದರೆ, ಏಷ್ಯಾದವರಿಗೆ 27.5 ಎಂದಿತು. 165 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 75 ಕೆ.ಜಿ. ಅಷ್ಟಾದವರೆಲ್ಲ ಆಸ್ಪತ್ರೆಗೆ ಓಡಬೇಕೆಂದಲ್ಲ. ಅದು ವೈದ್ಯರೊಡನೆ ಕುಳಿತು ತೂಗಿ ನೋಡಬೇಕಾದ ವಿಷಯ.

ಮೊದಲ ಪರೀಕ್ಷೆಗೆ ಬೇಕಾದದ್ದು ದರ್ಜಿಯ ಅಳತೆ ಪಟ್ಟಿ ಮಾತ್ರ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಮೀರಿದ್ದರೆ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಬೇಕು. ನಸುಕಿನಲ್ಲಿ ಭಾರ ಎತ್ತುತ್ತಿದ್ದ ಅರಸನ ಜೊತೆಗೆ ಜಟ್ಟಿಯೂ ಇದ್ದ, ಕುದುರೆಯೂ ಇತ್ತು. ಮೈಭಾರ ಇಳಿಸಲು ಹೆಣಗುವ ನಮ್ಮ ಅಕ್ಕಪಕ್ಕದವರಿಗೂ ಒಬ್ಬ ಜೊತೆಗಾರ ಬೇಕು, ಗೇಲಿ ಬೇಡ.