ಕೈತುತ್ತಿನ ಮೇಲೆ ಸುಂಕ: ಜೈನ ಕಲ್ಕಿ ಮಿಹಿರಕುಲನೇ?

ಜೈನ ಕಾಲಚಕ್ರದ ಸ್ಥೂಲರೂಪ ಎಲ್ಲರಿಗೂ ಗೊತ್ತಿರುವುದೇ. ಅವಸರ್ಪಿಣಿಯ ಮೊದಲ ಮೂರು ಕಾಲಗಳು ಭೋಗಭೂಮಿಯವು: ಬೇಡಿದ್ದನ್ನು ಕಲ್ಪವೃಕ್ಷಗಳು ಕೊಡುತ್ತವೆ, ದುಡಿಮೆಯಿಲ್ಲ, ತೆರಿಗೆಯಿಲ್ಲ. ನಾವಿರುವುದು ಐದನೆಯದರಲ್ಲಿ, 21,000 ವರ್ಷಗಳ ದುಷ್ಷಮ ಕಾಲದಲ್ಲಿ. ಪಂಪನ ಆದಿಪುರಾಣದ (941) ಮೂಲಕ ಭೋಗಭೂಮಿಯ ಚಿತ್ರ ಕನ್ನಡ ವಿಮರ್ಶೆಗೆ ಒಗ್ಗಿಹೋಗಿದೆ. ಚಕ್ರದ ಇಳಿಗಾಲದ ಬಗೆಗೆ ಅಂಥ ಆಸಕ್ತಿ ಕಾಣದು. ಅಲ್ಲಿರುವವನು ಕಲ್ಕಿ. ವೈಷ್ಣವರ ಕಲ್ಕಿಯಂತೆ ಉದ್ಧಾರಕನಲ್ಲ, ದುಷ್ಟ ಅರಸ. ಒಬ್ಬನೂ ಅಲ್ಲ, ಸಾವಿರ ವರ್ಷಕ್ಕೊಬ್ಬನಂತೆ 21 ಮಂದಿ.

ಈ ಪೈಕಿ ಮೊದಲನೆಯವನು ಹೂಣ ದೊರೆ ಮಿಹಿರಕುಲನೇ ಎಂದು ಕೆ. ಬಿ. ಪಾಠಕರು 1917ರಲ್ಲಿ ವಾದಿಸಿದರು. ಅದೇ ವರ್ಷ ಕೆ. ಪಿ. ಜಾಯಸ್ವಾಲರು ಕಲ್ಕಿಯನ್ನು ಯಶೋಧರ್ಮನೊಂದಿಗೆ, ಅಂದರೆ ಮಿಹಿರಕುಲನನ್ನು ಮಣಿಸಿದವನೊಂದಿಗೇ ಸಮೀಕರಿಸಿದರು. ಒಂದೇ ಹೆಸರು ಸೋತವನಿಗೂ ಗೆದ್ದವನಿಗೂ ಹೊಂದಿಕೊಂಡಿತು ಎಂಬುದೇ ನಮ್ಮನ್ನು ಎಚ್ಚರಿಸಬೇಕಿತ್ತು. ಜಾಯಸ್ವಾಲರ ಆಧಾರಗಳು ಮುಖ್ಯವಾಗಿ ವೈದಿಕ ಪುರಾಣಗಳು. ಅವನ್ನು ಇಲ್ಲಿಗೆ ಬಿಡುತ್ತೇನೆ. ಪಾಠಕರದು ಜೈನ ಆಧಾರ, ಅವರ ಲೆಕ್ಕ ಮೇಲ್ನೋಟಕ್ಕೆ ಬಿಗಿಯಾದದ್ದು.

ನೇಮಿಚಂದ್ರನ ತ್ರಿಲೋಕಸಾರದ ಪ್ರಕಾರ ವೀರನಿರ್ವಾಣದ ನಂತರ 605 ವರ್ಷ 5 ತಿಂಗಳಿಗೆ ಶಕರಾಜ, ಅಲ್ಲಿಂದ 394 ವರ್ಷ 7 ತಿಂಗಳಿಗೆ ಕಲ್ಕಿ. ಗುಣಭದ್ರನ ಉತ್ತರಪುರಾಣದಲ್ಲಿ ಅವನ ಆಯುಷ್ಯ 70, ಆಳ್ವಿಕೆ 40 ವರ್ಷ. ಹಾಗಾಗಿ ಹುಟ್ಟು ಕ್ರಿ.ಶ. 473ರ ಸುಮಾರಿಗೆ, ಸಾವು 543ರ ಸುಮಾರಿಗೆ. ಮಿಹಿರಕುಲನ ಕಾಲಕ್ಕೆ ಸರಿ. ಆದರೆ ಮೇಲಿನ ಎರಡು ಅವಧಿಗಳನ್ನು ಕೂಡಿಸಿ ನೋಡಿ: ಒಂದು ತಿಂಗಳೂ ತಪ್ಪದೆ 1000. ಉತ್ತರಪುರಾಣಕ್ಕಿಂತ ಹಳೆಯದಾದ, 783ರ ಜಿನಸೇನನ ಹರಿವಂಶದಲ್ಲಿ ಪಾಲಕನಿಂದ ಮೊದಲಾಗುವ ರಾಜಾವಳಿ ಗುಪ್ತರಿಗೆ 231, ಕಲ್ಕಿಗೆ 42 ವರ್ಷ ಕೊಟ್ಟು ಮುಗಿಯುತ್ತದೆ. ತಿಲೋಯಪಣ್ಣತ್ತಿಯ ಪಟ್ಟಿಯಲ್ಲೂ ಕಡೆಯ ಎರಡು ಸಂಖ್ಯೆಗಳು ಇವೇ. ಅದರ ಒಟ್ಟು ಮೊತ್ತವೂ 1000. ಮೊತ್ತ ಮೊದಲೇ ಗೊತ್ತಿದ್ದು, ಬಿಡಿ ಅಂಕಿಗಳನ್ನು ಅದಕ್ಕೆ ಹೊಂದಿಸಿದಂತಿದೆ. ಇಷ್ಟರಿಂದಲೇ ಪಾಠಕರ ವಾದ ಬೀಳದು. ಬೀಳುವುದು ಇಲ್ಲಿ: ಈ ಹಳೆಯ ಪಟ್ಟಿಯಲ್ಲಿ ಸಾವಿರದ ವರ್ಷ ಕಲ್ಕಿಯ ಆಳ್ವಿಕೆಯ ಕೊನೆ, ಗುಣಭದ್ರನಲ್ಲಿ ಅವನ ಹುಟ್ಟು. ಹಳೆಯ ಪಟ್ಟಿಯನ್ನು ನಂಬಿದರೆ ಕಲ್ಕಿ 473ರ ಹೊತ್ತಿಗೆ ಮುಗಿದಿರುತ್ತಾನೆ. ಮಿಹಿರಕುಲನ ರಾಜ್ಯ ಆಗಿನ್ನೂ ಆರಂಭವಾಗಿರಲಿಲ್ಲ. ಇಡೀ ಸಮೀಕರಣ ನಿಂತಿರುವುದು ಎರಡು ಪಾಠಗಳಲ್ಲಿ ಈಚಿನದರ ಮೇಲೆ.

ಇನ್ನು ಕಥೆ. ನನ್ನ ವಶಕ್ಕೆ ಬಾರದವರು ಯಾರಾದರೂ ಉಳಿದಿದ್ದಾರೆಯೇ ಎಂದು ಕಲ್ಕಿ ಮಂತ್ರಿಗಳನ್ನು ಕೇಳುತ್ತಾನೆ. ಇದ್ದಾರೆ, ನಿರ್ಗ್ರಂಥ ಮುನಿಗಳು; ಬಟ್ಟೆಯಿಲ್ಲ, ಪಾತ್ರೆಯಿಲ್ಲ, ಅಂಗೈಯಲ್ಲಿ ಉಣ್ಣುತ್ತಾರೆ. ಹಾಗಾದರೆ ಅಂಗೈಗೆ ಬಿದ್ದ ಮೊದಲ ತುತ್ತೇ ಸುಂಕ! ಷುಅನ್‌ಜಾಂಗ್ ಬಣ್ಣಿಸುವ ಮಿಹಿರಕುಲ ಬೌದ್ಧ ವಿಹಾರಗಳನ್ನು ಕೆಡವಿದವನು. ರಾಜತರಂಗಿಣಿಯ ಮಿಹಿರಕುಲ ಕೊಲೆಗಡುಕ. ಇಲ್ಲಿ ಪ್ರಧಾನ ಅಪರಾಧ ಕೊಲೆಯೂ ಅಲ್ಲ, ಧ್ವಂಸವೂ ಅಲ್ಲ, ಕರ ವಸೂಲಿ. ಕಡೆಯ ಕಲ್ಕಿಯ ಕಾಲದಲ್ಲೂ ಇದೇ ನಡೆಯುತ್ತದೆ: ವೀರಾಂಗಜ ಮುನಿ ತುತ್ತನ್ನು ಒಪ್ಪಿಸಿ ಸಲ್ಲೇಖನ ಹಿಡಿಯುತ್ತಾನೆ; ಆಮೇಲೆ ಒಂದೇ ದಿನದಲ್ಲಿ ಬೆಳಿಗ್ಗೆ ಧರ್ಮ, ನಡುಹಗಲಿಗೆ ಅರಸ, ಸಂಜೆಗೆ ಬೆಂಕಿ ಇಲ್ಲವಾಗುತ್ತವೆ. ಲೋಕಾಂತ್ಯಕ್ಕೆ ಇಷ್ಟು ಲೆಕ್ಕಪತ್ರದ ಕಾರಣ ಬೇರೆ ಪರಂಪರೆಗಳಲ್ಲಿ ಅಪರೂಪ.

ಉತ್ತರಪುರಾಣದ ಪ್ರಶಸ್ತಿಯ ಪ್ರಕಾರ ಅದು ಶಕ 820ರಲ್ಲಿ, ಎರಡನೆಯ ಕೃಷ್ಣನ ಸಾಮಂತ ಲೋಕಾದಿತ್ಯ ಆಳುತ್ತಿದ್ದಾಗ, ಬಂಕಾಪುರದಲ್ಲಿ ಪೂಜೆಗೊಂಡಿತು. ದತ್ತಿಭೂಮಿಗಳನ್ನು ಸರ್ವಬಾಧಾಪರಿಹಾರವಾಗಿ ಬಿಡುವುದು ಕನ್ನಡನಾಡಿನ ಶಾಸನಗಳ ವಾಡಿಕೆ. ಅಂಥ ದತ್ತಿಗಳ ನೆರಳಲ್ಲಿದ್ದ ಸಂಘಕ್ಕೂ ಅದರ ಪೋಷಕ ಅರಸರಿಗೂ ಈ ಕಥೆ ಕೇಳಿಸಿದ್ದು ಹೂಣರ ನೆನಪಾಗಿ ಅಲ್ಲ, ರಾಜಾಧಿಕಾರದ ಎಲ್ಲೆಯ ಮಾತಾಗಿ ಎಂಬುದು ನನ್ನ ಸೂಚನೆ. ಸೂಚನೆಯಷ್ಟೇ. ಕಥೆ ಬಂಕಾಪುರದಲ್ಲಿ ಹುಟ್ಟಿದ್ದಲ್ಲ, ತಿಲೋಯಪಣ್ಣತ್ತಿಯಲ್ಲಿ ಆಗಲೇ ಇದೆ; ಕೇಳುಗರ ಮನಸ್ಸಿಗೆ ಶಾಸನ ಸಾಕ್ಷಿ ನುಡಿಯದು; ಮುನಿಗಳ ಆಹಾರ ಬೇರೆ, ಬಸದಿಯ ಭೂಮಿ ಬೇರೆ ಎಂಬ ಆಕ್ಷೇಪಕ್ಕೂ ತೂಕವಿದೆ.

ಒಂದು ತೊಡಕು ಉಳಿಯುತ್ತದೆ. ಗುಪ್ತರ 231 ವರ್ಷ ಕಟ್ಟುಕಥೆಯ ಅಂಕಿಯಂತಿಲ್ಲ. ಗುಪ್ತಶಕೆಯ ಆರಂಭವಾದ 319ರಿಂದ ಎಣಿಸಿದರೆ ಅದು 550ರ ಸುಮಾರಿಗೆ, ಗುಪ್ತರು ನಿಜಕ್ಕೂ ಅಳಿದ ಕಾಲಕ್ಕೆ ತಲುಪುತ್ತದೆ. ಪಟ್ಟಿಯಲ್ಲಿ ಅದರ ಸ್ಥಾನ ತಪ್ಪಿದ್ದರೂ ಅವಧಿ ನೈಜ ಸ್ಮೃತಿಯಿರಬಹುದು. ಆಗ ಕಲ್ಕಿಯ 42 ವರ್ಷ 550ರ ಈಚೆಗೆ ಸರಿಯುತ್ತದೆ, ಆ ಜಾಗಕ್ಕೆ ಯಾರೆಂಬುದು ಇತ್ಯರ್ಥವಾಗಬೇಕಾದ ಪ್ರಶ್ನೆ. ಅಲ್ಲಿ ಮಿಹಿರಕುಲನಂತೂ ಇಲ್ಲ. ಅವನ ಕಾಲನಿರ್ಣಯಕ್ಕೆ ಗ್ವಾಲಿಯರ್, ಮಂದಸೋರ್ ಶಾಸನಗಳೇ ಆಧಾರ.