ಬಿಲ್ಲಿನ ಆಯ್ಕೆ, ಗುರಿಯ ಆಯ್ಕೆ

ಕಳಸದ ಸಮೀಪದ ಕಾಫಿ ತೋಟದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಸಾಂಪ್ರದಾಯಿಕ ಮಾದರಿಯ ಮರುಬಾಗಿನ ಬಿಲ್ಲನ್ನು ಕೊಳ್ಳಬೇಕೆಂದಿದ್ದಾರೆ. ಅವರು ನನ್ನ ಮುಂದೆ ಎರಡು ಪ್ರಶ್ನೆಗಳನ್ನಿಟ್ಟರು: "ಎಂಥ ಬಿಲ್ಲು, ಎಂಥ ಬಾಣ ಎಂಬುದಕ್ಕೆ ನಮ್ಮ ಹಳೆಯ ಗ್ರಂಥಗಳಲ್ಲಿ ಏನಾದರೂ ಆಧಾರವಿದೆಯೇ ಸರ್? ಅದಿರಲಿ, ಶ್ರಾವಕನಾದವನು ಬಿಲ್ಲನ್ನು ಹಿಡಿಯಬಹುದೇ?" ಮೊದಲನೆಯದಕ್ಕೆ ಶಾಸ್ತ್ರಗ್ರಂಥಗಳು ಉತ್ತರಿಸುತ್ತವೆ. ಎರಡನೆಯದಕ್ಕೆ ನಮ್ಮ ಕಾವ್ಯವೊಂದೇ ಉತ್ತರ ಕೊಡಬಲ್ಲದು.

ಮೊದಲು ಪದಗಳನ್ನು ಗಮನಿಸೋಣ. ಬಾಣಕ್ಕೆ ಕನ್ನಡದಲ್ಲಿ ಅಂಬು, ಸರಳು, ಕಣೆ, ಕೋಲು ಎಂಬ ಹೆಸರುಗಳಿವೆ. ಕೋಲು ಎಂಬ ಮಾತೇ ಬಾಣವು ನೇರವಾದ ಕಡ್ಡಿಯನ್ನು ಆರಿಸಿ ಮಾಡಿದ ವಸ್ತುವೆಂಬುದನ್ನು ಸೂಚಿಸುತ್ತದೆ. ಸಂಸ್ಕೃತದ 'ಶರ' ಶಬ್ದಕ್ಕೂ ಜೊಂಡುಹುಲ್ಲೆಂಬ ಅರ್ಥವುಂಟು. ಬಿಲ್ಲಿನ ತುದಿ ಕೊಪ್ಪು, ಅದಕ್ಕೆ ಕಟ್ಟುವ ಹುರಿ ಹೆದೆ ಅಥವಾ ನಾರಿ, ಬಾಣಗಳನ್ನಿಡುವ ಚೀಲ ಬತ್ತಳಿಕೆ. ಬತ್ತಳಿಕೆಗೆ ಮೂಡಿಗೆ ಎಂಬ ಹೆಸರೂ ಹಳಗನ್ನಡದಲ್ಲಿದೆ. ಆದರೆ ಅದರ ಆಧಾರದ ಮೇಲೆ ಮೂಡಿಗೆರೆಯ ಸ್ಥಳನಾಮವನ್ನು ವಿವರಿಸಲು ಹೊರಡುವುದು ಉಚಿತವಲ್ಲ, ಧ್ವನಿಸಾಮ್ಯವೊಂದೇ ವ್ಯುತ್ಪತ್ತಿಯಾಗದು. ಸಿಂಗಿಣಿ ಎಂಬ ಪದವು ಸಂಸ್ಕೃತದ 'ಶೃಂಗ'ದಿಂದ ಬಂದು ಕೊಂಬಿನ ಬಿಲ್ಲನ್ನು ಹೇಳುತ್ತದೆ. ನನ್ನ ವಿದ್ಯಾರ್ಥಿ ಕೊಳ್ಳಬಯಸಿದ ಬಿಲ್ಲಿನ ಮೂಲರೂಪ ಇದೇ.

ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಆಯುಧಾಗಾರದ ಪ್ರಕರಣದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ಮೂಲದ್ರವ್ಯಗಳಿಂದಾದ ಬಿಲ್ಲುಗಳನ್ನು ಹೇಳುತ್ತದೆ. ಹೆದೆಗೆ ಮೂರ್ವೆ, ಎಕ್ಕ, ಸಣಬು, ಬಿದಿರು ಮೊದಲಾದವುಗಳ ನಾರನ್ನೂ ಪ್ರಾಣಿಗಳ ನರವನ್ನೂ ಸೂಚಿಸುತ್ತದೆ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನ ವರದಿಯನ್ನು ಆಧರಿಸಿ ಏರಿಯನ್ ವರ್ಣಿಸುವ ಭಾರತೀಯ ಬಿಲ್ಲು ಆಳೆತ್ತರದ್ದು. ಅದನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರಂತೆ. ಇದು ಕಾಲಾಳಿನ ಬಿಲ್ಲು. ಕುದುರೆಯ ಮೇಲಿನ ಯೋಧನಿಗೆ ಅಷ್ಟುದ್ದದ ಬಿಲ್ಲು ತೊಡಕು. ಆದ್ದರಿಂದ ಮರದ ತಿರುಳಿಗೆ ಬಿಲ್ಲುಗಾರನ ಕಡೆಯಲ್ಲಿ ಕೊಂಬನ್ನೂ ಹೊರಗಡೆಯಲ್ಲಿ ನರವನ್ನೂ ಅಂಟಿಸಿ, ತುದಿಗಳನ್ನು ಮುಂದಕ್ಕೆ ಬಾಗಿಸಿದ ಗಿಡ್ಡ ಬಿಲ್ಲು ಬಳಕೆಗೆ ಬಂದಿತು. ಎಳೆದಾಗ ಕೊಂಬು ಅದುಮಿಕೊಳ್ಳುತ್ತದೆ, ನರ ಹಿಗ್ಗುತ್ತದೆ. ಕಡಿಮೆ ಉದ್ದದಲ್ಲಿ ಹೆಚ್ಚು ಬಲ ಸಂಚಯವಾಗುತ್ತದೆ.

ಆದರೆ ಇವನ್ನು ಬೆಸೆಯುವುದು ಪ್ರಾಣಿಜನ್ಯವಾದ ಅಂಟು. ತೇವಕ್ಕೆ ಅದು ಸಡಿಲುತ್ತದೆ. ಬಯಲುಸೀಮೆಯಲ್ಲಿ ಬಾಳುವ ಸಿಂಗಿಣಿ, ತಿಂಗಳುಗಟ್ಟಲೆ ಮಳೆ ಹಿಡಿಯುವ ಭದ್ರಾ ತೀರದ ಕಳಸದಲ್ಲಿ ಬಹುಕಾಲ ಬಾಳುವುದು ಕಷ್ಟ. ಮಲೆನಾಡಿಗೆ ಸಹಜವಾಗಿ ಒಗ್ಗುವುದು ಬಿದಿರು. ಇಂದು ಮಾರಾಟಕ್ಕಿರುವ ಮರುಬಾಗಿನ ಬಿಲ್ಲುಗಳಲ್ಲಿ ಹೆಚ್ಚಿನವು ಮರ ಅಥವಾ ಬಿದಿರಿನ ಪದರಗಳಿಗೆ ಫೈಬರ್‌ಗ್ಲಾಸ್ ಹೊದಿಸಿದಂಥವು. ಇವುಗಳಲ್ಲಿ ಕೊಂಬೂ ಇಲ್ಲ, ನರವೂ ಇಲ್ಲ. ಮಳೆಯ ದೃಷ್ಟಿಯಿಂದಲೂ ಅಹಿಂಸೆಯ ದೃಷ್ಟಿಯಿಂದಲೂ ಕಳಸದ ಶ್ರಾವಕನಿಗೆ ಇವೇ ಲೇಸು.

ಬಲದ ವಿಷಯದಲ್ಲಿ ಧನುರ್ವೇದದ ಮಾತು ಇಂದಿಗೂ ಸಲ್ಲುತ್ತದೆ: ಬಿಲ್ಲು ಹಿಡಿಯುವವನ ತೋಳ್ಬಲಕ್ಕಿಂತ ತುಸು ಕಡಿಮೆಯದಾಗಿರಬೇಕು. ತನಗೆ ಮೀರಿದ ಬಿಲ್ಲನ್ನು ಎಳೆಯುವವನ ಗಮನವೆಲ್ಲ ಎಳೆಯುವುದರಲ್ಲೇ ಕಳೆದು, ಗುರಿ ತಪ್ಪುತ್ತದೆ. ಇಂದಿನ ಲೆಕ್ಕದಲ್ಲಿ, 28 ಅಂಗುಲ ಎಳೆದಾಗ 20ರಿಂದ 30 ಪೌಂಡು ತೂಗುವ ಬಿಲ್ಲು ಹೊಸಬರಿಗೆ ಸಾಕು. ಬಾಣಗಳನ್ನು ಧನುರ್ವೇದವು ಮೂರು ಬಗೆಯಾಗಿ ವಿಂಗಡಿಸುತ್ತದೆ: ಮುಂಭಾಗ ದಪ್ಪವಿರುವುದು ಸ್ತ್ರೀ, ಹಿಂಭಾಗ ದಪ್ಪವಿರುವುದು ಪುರುಷ, ಉದ್ದಕ್ಕೂ ಸಮನಾಗಿರುವುದು ನಪುಂಸಕ. ಮೊದಲನೆಯದು ದೂರಕ್ಕೆ, ಎರಡನೆಯದು ಗಟ್ಟಿಯಾದುದನ್ನು ಭೇದಿಸಲು, ಮೂರನೆಯದು ಗುರಿಯ ಅಭ್ಯಾಸಕ್ಕೆ. ಅಭ್ಯಾಸಿಗೆ ಈ ಮೂರನೆಯದೇ ಬೇಕಾದದ್ದು. ಕಡ್ಡಿ ಬಿಲ್ಲಿನ ಬಲಕ್ಕೆ ತಕ್ಕಷ್ಟು ಬಾಗುವಂತಿರಬೇಕು. ತೀರ ಬಿಗಿಯಾದರೂ ತೀರ ಬಳುಕಿದರೂ ಬಾಣ ಪಕ್ಕಕ್ಕೆ ಸರಿಯುತ್ತದೆ. 30 ಪೌಂಡಿನ ಬಿಲ್ಲಿಗೆ ಸುಮಾರು 300 ಗ್ರೇನ್, ಅಂದರೆ 19 ಗ್ರಾಮಿನಷ್ಟು ತೂಕದ ಬಾಣವಿದ್ದರೆ ಒಳ್ಳೆಯದು. ತೀರ ಹಗುರವಾದ ಬಾಣವನ್ನು ಬಿಟ್ಟಾಗ ಬಲವೆಲ್ಲ ಬಿಲ್ಲಿಗೇ ಮರಳಿ ಅದು ಸೀಳಬಹುದು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಲೇಬಾರದು. ಇಂಥ ಬಿಲ್ಲಿನಲ್ಲಿ ಬಾಣ ಕೈಯನ್ನು ಸವರಿಕೊಂಡೇ ಹೋಗುವುದರಿಂದ ಗಡುಸಾದ ಪ್ಲಾಸ್ಟಿಕ್ ರೆಕ್ಕೆಗಳಿಗಿಂತ ಮೃದುವಾದ ಗರಿಯೇ ಹೊಂದುತ್ತದೆ. ಗರಿ ಎಲ್ಲಿಂದ ಬಂದಿತೆಂದು ವಿಚಾರಿಸಿಕೊಳ್ಳುವುದು ಮಾತ್ರ ಕೊಳ್ಳುವವನ ಹೊಣೆ.

ಇನ್ನು ಎರಡನೆಯ ಪ್ರಶ್ನೆ. ಜೈನ ಆಚಾರಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ತ್ಯಜಿಸಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು. ಚಾವುಂಡರಾಯ, ಗಂಗರಾಜರಂಥ ದಂಡನಾಯಕರು ಶ್ರಾವಕರಾಗಿಯೇ ಶಸ್ತ್ರ ಹಿಡಿದರು. ಹಾಗಾದರೆ ಬಿಲ್ಲನ್ನು ಮುಟ್ಟುವುದೇ ದೋಷವಲ್ಲ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಹೇಳುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಅಪಧ್ಯಾನವೂ ಸೇರಿವೆ. ಕೊಲ್ಲುವ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ; ಕೇಡನ್ನು ಮನಸ್ಸಿನಲ್ಲೇ ಚಿಂತಿಸುವುದು ಅಪಧ್ಯಾನ. ಕೈ ಶುದ್ಧವಾಗಿದ್ದರೆ ಸಾಲದು, ಮನಸ್ಸೂ ಶುದ್ಧವಾಗಿರಬೇಕು.

ಈ ತತ್ತ್ವವನ್ನು 1209ರ ಜನ್ನನ ಯಶೋಧರ ಚರಿತೆಗಿಂತ ತೀವ್ರವಾಗಿ ಹೇಳಿದ ಕನ್ನಡ ಕೃತಿ ಇನ್ನೊಂದಿಲ್ಲವೆಂದು ನನ್ನ ಭಾವನೆ. ಯಶೋಧರನು ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರು. ಕೊನೆಗೆ ಅವರು ಕೋಳಿಗಳಾಗಿ ಹುಟ್ಟಿ, ಮುನಿಯ ಧರ್ಮೋಪದೇಶವನ್ನು ಕೇಳಿ, ಪೂರ್ವಜನ್ಮಸ್ಮರಣೆಯಾಗಿ ಕೂಗಿದರು. ಆ ಕೂಗನ್ನು ಕೇಳಿದ ಯಶೋಮತಿ ಮಹಾರಾಜನು ರಾಣಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲೆಂದು ಬಾಣ ಬಿಟ್ಟನು. ಗುರಿ ತಪ್ಪಲಿಲ್ಲ. ಸತ್ತವರು ಅವನ ತಂದೆ ಮತ್ತು ಅಜ್ಜಿ. ಅವರೇ ಮುಂದೆ ಆ ರಾಣಿಯ ಬಸಿರಿನಲ್ಲಿ ಅವಳಿ ಮಕ್ಕಳಾಗಿ ಜನಿಸಿದರು. ಅರಸನಿಗೆ ಹಸಿವಿರಲಿಲ್ಲ, ಎದುರಿಗೆ ಶತ್ರುವಿರಲಿಲ್ಲ. ಅವನಿಗಿದ್ದದ್ದು ಕೌಶಲದ ಪ್ರದರ್ಶನದ ಆಸೆ ಒಂದೇ.

ಬಿಲ್ವಿದ್ಯೆಯ ಅಭ್ಯಾಸಕ್ಕೆ ಜಿಂಕೆ, ಹಂದಿಗಳ ಆಕಾರದ ಸ್ಪಂಜಿನ ಗುರಿಗಳೂ ಇಂದು ಸಿಗುತ್ತವೆ. ಕಾನೂನಿನ ದೃಷ್ಟಿಯಲ್ಲಿ ಅವುಗಳಿಗೆ ಬಾಣ ಬಿಡುವುದು ತಪ್ಪಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಡೆಯುವುದು ಜೀವಂತ ಪ್ರಾಣಿಯ ಬೇಟೆಯನ್ನು. ಕುದುರೆಮುಖದ ಕಾಡಿನ ನೆರೆಯಲ್ಲಿರುವವರು ಅದನ್ನು ಮರೆಯುವಂತಿಲ್ಲ. ಆದರೆ ಜನ್ನನನ್ನು ಓದಿದವನಿಗೆ ಆ ಸ್ಪಂಜಿನ ಜಿಂಕೆ ಹಿಟ್ಟಿನ ಕೋಳಿಯೇ ಅಲ್ಲವೇ? ಆದ್ದರಿಂದ ನನ್ನ ಸಲಹೆ ಇಷ್ಟೇ: ಬಿಲ್ಲನ್ನು ಕೊಳ್ಳಿರಿ, ಹುಲ್ಲಿನ ಬೊಂತೆಯ ಮೇಲೆ ವೃತ್ತವೊಂದನ್ನು ಬರೆದು ಅಭ್ಯಾಸ ಮಾಡಿರಿ.

ಕಳಸದ ಮಣ್ಣಿಗೆ ಈ ವಿವೇಕ ಹೊಸದಲ್ಲ. ಕಳಸ-ಕಾರ್ಕಳ ರಾಜ್ಯವನ್ನಾಳಿದ ಜೈನ ಭೈರರಸರು ಸೈನ್ಯವನ್ನಿಟ್ಟುಕೊಂಡೇ ರಾಜ್ಯವಾಳಿದವರು, ಕಳಸೇಶ್ವರನಿಗೂ ನಡೆದುಕೊಂಡವರು. ಅದೇ ಮನೆತನದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ನಿಲ್ಲಿಸಿದ್ದು ಬಾಹುಬಲಿಯ ಮೂರ್ತಿಯನ್ನು. ಭರತ ಬಾಹುಬಲಿಯರ ನಡುವೆ ಸೈನ್ಯಗಳ ಕದನ ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಆ ಮೂರರಲ್ಲಿ ಒಂದಕ್ಕೂ ಬಿಲ್ಲು ಬೇಕಾಗಲಿಲ್ಲ.