ತೆಗೆಯಬಹುದಾದ ಗಡ್ಡೆ, ತೆಗೆಯಬೇಕಾದ ಗಡ್ಡೆ

ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮನೆಯವರು ಕೇಳುವುದು ಒಂದೇ ಪ್ರಶ್ನೆ: ‘ಆಪರೇಷನ್ ಮಾಡಿ ತೆಗೆಯೋಕಾಗುತ್ತಾ ಡಾಕ್ಟ್ರೇ?’ ಹೌದು ಅಥವಾ ಇಲ್ಲ ಎಂದರೆ ಮುಗಿಯುವ ಪ್ರಶ್ನೆಯಂತೆ ಅದು ಕಾಣುತ್ತದೆ. ಆದರೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ರೋಗ ಪತ್ತೆಯಾಗುವ ಹೊತ್ತಿಗೆ ನೂರರಲ್ಲಿ ಹದಿನೈದು ಇಪ್ಪತ್ತು ಮಂದಿಗಷ್ಟೇ ಶಸ್ತ್ರಚಿಕಿತ್ಸೆಯ ಅವಕಾಶ ಉಳಿದಿರುತ್ತದೆ. ಆ ಕೆಲವರು ಯಾರೆಂದು ನಿರ್ಧರಿಸುವ ಅಳತೆಗೋಲು ಮಾತ್ರ ಒಂದು ಶತಮಾನದಲ್ಲಿ ಹಲವು ಸಲ ಬದಲಾಗಿದೆ. ಗಡ್ಡೆಯೊಂದನ್ನೇ ನೋಡಿ ಕೊಡುವ ಉತ್ತರ ಇದಲ್ಲ. ರೋಗಿಯ ತ್ರಾಣ, ಆಸ್ಪತ್ರೆಯ ಅನುಭವ, ರೋಗದ ನಡವಳಿಕೆ ಎಲ್ಲವನ್ನೂ ತೂಗಿ ಕೊಡಬೇಕಾದ ತೀರ್ಪು ಎಂಬುದು ನನ್ನ ವಾದ.

ಗ್ರಂಥಿಯ ತಲೆಭಾಗದ ಗಡ್ಡೆ ತೆಗೆಯಬೇಕಾದರೆ ಅದರ ಜೊತೆಗೆ ಸಣ್ಣ ಕರುಳಿನ ಆರಂಭವನ್ನೂ ಪಿತ್ತನಾಳದ ಕೆಳಭಾಗವನ್ನೂ ತೆಗೆದು, ಉಳಿದದ್ದನ್ನು ಮತ್ತೆ ಕರುಳಿಗೆ ಜೋಡಿಸಬೇಕು. ಜರ್ಮನಿಯ ವಾಲ್ಟರ್ ಕೌಶ್ 1912ರಲ್ಲಿ ಇಂಥ ಶಸ್ತ್ರಚಿಕಿತ್ಸೆಯ ವರದಿ ಪ್ರಕಟಿಸಿದರು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಅದಕ್ಕೊಂದು ರೂಪ ಕೊಟ್ಟರು, ಹೆಸರೂ ಅವರದೇ ನಿಂತಿತು. ಆ ಕಾಲದಲ್ಲಿ ಪರೀಕ್ಷೆ ಎಂದರೆ ಹೊಟ್ಟೆ ತೆರೆದು ನೋಡುವುದೇ. ಶಸ್ತ್ರವೈದ್ಯರು ಗ್ರಂಥಿಯ ಕುತ್ತಿಗೆಯ ಹಿಂದೆ, ಯಕೃತ್ತಿಗೆ ರಕ್ತ ಒಯ್ಯುವ ದಪ್ಪ ಅಭಿಧಮನಿಯ ಮುಂದೆ, ಮೆಲ್ಲಗೆ ಬೆರಳು ತೂರಿಸುತ್ತಿದ್ದರು. ಬೆರಳು ಸರಾಗವಾಗಿ ದಾಟಿದರೆ ಮುಂದುವರಿಯುವುದು, ಅಂಟಿಕೊಂಡಿದ್ದರೆ ಹೊಲಿಗೆ ಹಾಕಿ ಕಳಿಸುವುದು. ದಾಟಿದವರ ಪಾಡೂ ಹಸನಾಗಿರಲಿಲ್ಲ. ಸಾವಿನ ಪ್ರಮಾಣ ಎಷ್ಟಿತ್ತೆಂದರೆ, ಗಡ್ಡೆ ಬಿಟ್ಟು ಪಿತ್ತಕ್ಕೆ ಬೇರೆ ದಾರಿ ಮಾಡಿಕೊಡುವುದೇ ಮೇಲು ಎಂದು ಅಮೆರಿಕದ ಜಾರ್ಜ್ ಕ್ರೈಲ್ ಜೂನಿಯರ್ 1970ರಲ್ಲಿ ವಾದಿಸಿದರು. ಆದರೆ 1993ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಜಾನ್ ಕ್ಯಾಮರನ್ ತಂಡ ಸತತ 145 ವಿಪಲ್ ಶಸ್ತ್ರಚಿಕಿತ್ಸೆಗಳನ್ನು ಒಂದೂ ಸಾವಿಲ್ಲದೆ ಮುಗಿಸಿದ ವರದಿ ಬಂತು. ಹಾಗೆಂದು ಎಲ್ಲೆಡೆ ಹಾಗೇ ಆಗಲಿಲ್ಲ. 2002ರ ಅಮೆರಿಕನ್ ಅಧ್ಯಯನವೊಂದರಲ್ಲಿ, ಈ ಗ್ರಂಥಿಯ ಶಸ್ತ್ರಚಿಕಿತ್ಸೆ ತೀರಾ ಅಪರೂಪಕ್ಕೆ ನಡೆಯುವ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 16.3 ಇದ್ದರೆ, ಪದೇ ಪದೇ ನಡೆಯುವಲ್ಲಿ ಶೇ 3.8. ಅಂದರೆ ಅದೇ ಗಡ್ಡೆಗೆ ಒಂದು ಊರಿನಲ್ಲಿ ಒಂದು ಉತ್ತರ, ಇನ್ನೊಂದು ಊರಿನಲ್ಲಿ ಇನ್ನೊಂದು.

ಸಿಟಿ ಸ್ಕ್ಯಾನ್ ಬಂದ ಮೇಲೆ ಬೆರಳಿನ ಕೆಲಸವನ್ನು ಚಿತ್ರ ವಹಿಸಿಕೊಂಡಿತು. ಕರುಳಿಗೆ ರಕ್ತ ಒಯ್ಯುವ ಮುಖ್ಯ ಅಪಧಮನಿಯ ಸುತ್ತಳತೆಯಲ್ಲಿ ಗಡ್ಡೆ ಎಷ್ಟು ಭಾಗಕ್ಕೆ ತಾಗಿದೆ ಎಂದು ತೆಳುವಾದ ಅಡ್ಡಕೊಯ್ತದ ಚಿತ್ರಗಳಲ್ಲಿ ಅಳೆಯುತ್ತಾರೆ. ತಾಗದಿದ್ದರೆ ತೆಗೆಯಬಹುದು, 180 ಡಿಗ್ರಿಯವರೆಗೆ ತಾಗಿದ್ದರೆ ‘ಬಾರ್ಡರ್‌ಲೈನ್’, ಅದಕ್ಕೂ ಮೀರಿ ಸುತ್ತಿಕೊಂಡಿದ್ದರೆ ಸ್ಥಳೀಯವಾಗಿ ಮುಂದುವರಿದ ರೋಗ. ಅನಗತ್ಯವಾಗಿ ಹೊಟ್ಟೆ ತೆರೆಯುವುದು ಇದರಿಂದ ಎಷ್ಟೋ ಕಡಿಮೆಯಾಯಿತು. ಆದರೆ ಚಿತ್ರ ಶುದ್ಧವಾಗಿದ್ದ ಮಾತ್ರಕ್ಕೆ ಅಂಚು ಶುದ್ಧವಲ್ಲ. 2008ರಲ್ಲಿ ಹೈಡೆಲ್‌ಬರ್ಗಿನ ತಂಡ ತೆಗೆದ ಭಾಗದ ಅಂಚುಗಳಿಗೆಲ್ಲ ಬಣ್ಣ ಹಚ್ಚಿ ಕ್ರಮಬದ್ಧವಾಗಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ, ಮುಕ್ಕಾಲು ಪಾಲು ಪ್ರಕರಣಗಳಲ್ಲಿ ಕ್ಯಾನ್ಸರ್ ಕೋಶಗಳು ಅಂಚಿನಲ್ಲೋ ಅದರ ತೀರಾ ಸಮೀಪದಲ್ಲೋ ಸಿಕ್ಕವು. ‘ಪೂರ್ತಿ ತೆಗೆದಿದ್ದೇವೆ’ ಎಂಬ ಹಳೆಯ ಮಾತಿನಲ್ಲಿ ಎಷ್ಟೋ ಭಾಗ ಸರಿಯಾಗಿ ಹುಡುಕದಿದ್ದುದರ ಫಲ.

ಚಿತ್ರದ ಮೇಲಿನ ನಂಬಿಕೆಗೆ ಇನ್ನೊಂದು ಪೆಟ್ಟು ಔಷಧದ ಕಡೆಯಿಂದ ಬಂತು. 2011ರಲ್ಲಿ ಫೋಲ್ಫಿರಿನಾಕ್ಸ್ ಎಂಬ ಕಿಮೊಥೆರಪಿ, ರೋಗ ಹರಡಿದವರಲ್ಲಿ ಅರ್ಧದಷ್ಟು ಮಂದಿ ಬದುಕಿರುವ ಅವಧಿಯನ್ನು 6.8 ತಿಂಗಳಿಂದ 11.1 ತಿಂಗಳಿಗೆ ಏರಿಸಿತು. ಅದನ್ನೇ ಶಸ್ತ್ರಚಿಕಿತ್ಸೆಗೆ ಮೊದಲು ಕೊಟ್ಟಾಗ ವಿಚಿತ್ರವೊಂದು ಕಂಡಿತು: ಸ್ಕ್ಯಾನಿನಲ್ಲಿ ಗಡ್ಡೆ ರಕ್ತನಾಳವನ್ನು ಇನ್ನೂ ಸುತ್ತಿಕೊಂಡಂತಿರುತ್ತದೆ, ತೆರೆದು ನೋಡಿದರೆ ಬಹುಪಾಲು ಬರೀ ಕಲೆಗಟ್ಟಿದ ನಾರು. ಬದುಕಿದ ಕ್ಯಾನ್ಸರಿಗೂ ಸತ್ತ ಕ್ಯಾನ್ಸರಿಗೂ ಸಿಟಿ ವ್ಯತ್ಯಾಸ ಹೇಳಲಾರದು. ಹಾಗಾಗಿ 2017ರ ಅಂತರರಾಷ್ಟ್ರೀಯ ಒಮ್ಮತದ ವ್ಯಾಖ್ಯೆ ಅಂಗರಚನೆಯ ಜೊತೆಗೆ ರೋಗದ ಸ್ವಭಾವವನ್ನೂ ರೋಗಿಯ ಶಕ್ತಿಯನ್ನೂ ಸೇರಿಸಿತು. ರಕ್ತದಲ್ಲಿ ಸಿಎ 19-9 ಎಂಬ ಗಡ್ಡೆ ಸೂಚಕದ ಪ್ರಮಾಣ ಮಿಲಿಲೀಟರಿಗೆ 500 ಯೂನಿಟ್ ಮೀರಿದ್ದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಬಾರ್ಡರ್‌ಲೈನ್. (ಈ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ, ಕಾಮಾಲೆಯಿದ್ದರೂ ಏರುತ್ತದೆ, ಕೆಲವರ ದೇಹ ಅದನ್ನು ತಯಾರಿಸುವುದೇ ಇಲ್ಲ.)

ಹೀಗೆ ಎಲ್ಲವನ್ನೂ ತೂಗುತ್ತ ಕೂತರೆ ವೈದ್ಯರ ಮರ್ಜಿಯೇ ಮಾನದಂಡವಾಗುವುದಿಲ್ಲವೇ ಎಂಬ ಆಕ್ಷೇಪವಿದೆ. ಡಿಗ್ರಿ ಲೆಕ್ಕ ಬೇಕು, ಅದಿಲ್ಲದೆ ಎರಡು ಆಸ್ಪತ್ರೆಗಳ ಫಲಿತಾಂಶ ಹೋಲಿಸಲಾಗದು. ಆದರೆ ಒಂದೇ ಸ್ಕ್ಯಾನ್ ನೋಡಿ ಪರಿಣತರೇ ಭಿನ್ನ ಅಭಿಪ್ರಾಯ ಕೊಡುವುದು ಗೊತ್ತಿರುವ ಸಂಗತಿ. ಶಸ್ತ್ರವೈದ್ಯರು, ರೇಡಿಯಾಲಜಿಸ್ಟರು, ಕಿಮೊ ವೈದ್ಯರು ಒಟ್ಟಿಗೆ ಕೂತು ನಿರ್ಧರಿಸುವುದೇ ಮರ್ಜಿಗೆ ಮದ್ದು. ಇನ್ನೂ ಗಟ್ಟಿಯಾದ ಆಕ್ಷೇಪ ಕಾಯುವುದರ ಬಗ್ಗೆ: ಕಿಮೊ ಕೊಡುತ್ತ ಕೂತಾಗ ರೋಗ ಹರಡಿಬಿಟ್ಟರೆ? ಕಿಮೊ ನಡೆಯುವ ಎರಡು ಮೂರು ತಿಂಗಳಲ್ಲಿ ಯಕೃತ್ತಿನಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಬಹುತೇಕ ಮೊದಲೇ ಅಲ್ಲಿ ಅಡಗಿದ್ದದ್ದು. ಅಂಥವರಿಗೆ ಶಸ್ತ್ರಚಿಕಿತ್ಸೆಯಿಂದ ನೋವೇ ಹೊರತು ಲಾಭವಿರುತ್ತಿರಲಿಲ್ಲ. ನೆದರ್ಲೆಂಡ್ಸಿನ ಪ್ರಿಯೋಪ್ಯಾಂಕ್ ಪ್ರಯೋಗದಲ್ಲಿ, ಮೊದಲು ಕಿಮೊ ಮತ್ತು ವಿಕಿರಣ ಪಡೆದವರಲ್ಲಿ ಐದು ವರ್ಷ ಬದುಕಿದವರು ಶೇ 20.5, ನೇರ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 6.5. ಆದರೆ ಗಡ್ಡೆ ನಿಚ್ಚಳವಾಗಿ ತೆಗೆಯುವಂತಿದ್ದವರಲ್ಲಿ ಮೊದಲು ಫೋಲ್ಫಿರಿನಾಕ್ಸ್ ಕೊಟ್ಟು ನೋಡಿದ ನಾರ್ಡಿಕ್ ದೇಶಗಳ ಪ್ರಯೋಗದ 2024ರ ವರದಿಯಲ್ಲಿ ಅಂಥ ಲಾಭ ಕಾಣಲಿಲ್ಲ. ಕಾಯಿಸುವುದು ಎಲ್ಲರಿಗೂ ಒಪ್ಪುವ ಸೂತ್ರವಲ್ಲ.

ನಮ್ಮಲ್ಲಿ ಈ ತೀರ್ಪು ಕೆಡುವುದು ಹೆಚ್ಚಾಗಿ ಆರಂಭದಲ್ಲೇ. ಗಡ್ಡೆ ಪಿತ್ತನಾಳವನ್ನು ಒತ್ತುವುದರಿಂದ ಬರುವ ನೋವಿಲ್ಲದ ಕಾಮಾಲೆಗೆ ನಾಟಿ ಔಷಧ ಕುಡಿಯುತ್ತ ವಾರಗಟ್ಟಲೆ ಕಳೆಯುತ್ತಾರೆ. ಆಮೇಲೆ ಸ್ಕ್ಯಾನಿಗೂ ಮೊದಲೇ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಕೊಳವೆ ಬೀಳುತ್ತದೆ, ಅದರ ಸುತ್ತಲಿನ ಊತದಲ್ಲಿ ಗಡ್ಡೆಯ ಗಡಿ ಮಸುಕಾಗುತ್ತದೆ. ಚಳಿಜ್ವರ ಬಂದು ತುರ್ತಾಗಿ ಸ್ಟೆಂಟ್ ಬೇಕಾದವರ ಮಾತು ಬೇರೆ. ಉಳಿದವರು ಸ್ಟೆಂಟಿಗೆ ಮೊದಲು ಮೇದೋಜ್ಜೀರಕಕ್ಕೆಂದೇ ಮಾಡುವ ಸಿಟಿ ಕೇಳಿ ಮಾಡಿಸಿಕೊಳ್ಳಿ. ‘ತೆಗೆಯೋಕಾಗಲ್ಲ’ ಎಂಬ ಮಾತು ಬಂದರೆ, ವಿಪಲ್ ಶಸ್ತ್ರಚಿಕಿತ್ಸೆ ನಿಯಮಿತವಾಗಿ ನಡೆಯುವ ಆಸ್ಪತ್ರೆಯಲ್ಲಿ ಅದೇ ಸ್ಕ್ಯಾನನ್ನು ಇನ್ನೊಮ್ಮೆ ತೋರಿಸಿ.